ಸಹಿ ಹಾಕಿದ್ದು ನೀವೇ ತಾನೇ?

ಸಾಲದ ತಕರಾರು ಹೊತ್ತು ಬಂದವರ ಬಾಯಿ ಮುಚ್ಚಿಸಲು "ಸಹಿ ಹಾಕಿದ್ದು ನೀವೇ ತಾನೇ?" ಎನ್ನುವುದಕ್ಕಿಂತ ಒಳ್ಳೆಯ ಮಾತಿಲ್ಲ. ಬ್ಯಾಂಕಿನ ಸಾಲ ವಿಭಾಗದಲ್ಲೇ ಸರ್ವೀಸು ಸವೆಸಿದವನು ನಾನು. ಈ ಮಾತಿನ ಬಲ ನನಗೆ ಗೊತ್ತು. ಮಾತೇನೂ ಸುಳ್ಳಲ್ಲ. ಯಾರೂ ಕೈ ಹಿಡಿದು ಸಹಿ ಮಾಡಿಸಿರುವುದಿಲ್ಲ. ಮಾರುವವನು ಸ್ವತಂತ್ರ, ಕೊಳ್ಳುವವನೂ ಸ್ವತಂತ್ರ, ಲಾಭ ನಷ್ಟ ಅವರವರ ತಲೆಗೆ. ಮುಕ್ತ ಮಾರುಕಟ್ಟೆ ಎಂದರೆ ಇದೇ ಅಲ್ಲವೇ? ಇದೇ. ಆದರೆ ಕೊಳ್ಳುವವನಿಗೆ ಬೆಲೆ ಕಾಣಬೇಕು. ಸಾಲದ ಅಂಗಡಿಯಲ್ಲಿ ಬಹಳ ಸಲ ಕಾಣದಿರುವುದು ಅದೊಂದೇ.

ನಿವೃತ್ತಿಯಾದ ಮೇಲೂ ದಾವಣಗೆರೆಯ ನಮ್ಮ ಮನೆ ಜಗಲಿಗೆ ಕಾಗದಪತ್ರ ಹಿಡಿದು ಬರುವವರು ನಿಂತಿಲ್ಲ. ಐಟಿಐ ಮುಗಿಸಿ ವರ್ಕ್‌ಶಾಪು ಸೇರಿದ ಹುಡುಗನೊಬ್ಬ ಬೈಕ್ ಸಾಲದ ಕಾಗದ ತಂದಿದ್ದ. 80,000 ರೂಪಾಯಿ, ಎರಡು ವರ್ಷ, "ಶೇ. 10 ಫ್ಲಾಟ್". ಹುಡುಗ ದಡ್ಡನಲ್ಲ, ಲೆಕ್ಕ ಹಾಕಿಕೊಂಡೇ ಬಂದಿದ್ದ. ವರ್ಷಕ್ಕೆ 8,000ದಂತೆ ಎರಡು ವರ್ಷಕ್ಕೆ ಬಡ್ಡಿ 16,000. ಅಸಲು ಸೇರಿ 96,000. 24 ತಿಂಗಳಿಗೆ ಹಂಚಿದರೆ ಕಂತು 4,000. "ಮನೆ ಸಾಲವೇ ಶೇ. 9 ಇದೆ ಸಾರ್, ಬೈಕಿಗೆ 10 ಅಂದರೆ ಪರವಾಗಿಲ್ಲ ಅಲ್ವಾ?"

ಅವನ ಕೂಡು-ಕಳೆ ಸರಿಯಾಗಿಯೇ ಇತ್ತು. ಎಡವಟ್ಟು ಇರುವುದು ಬೇರೆ ಕಡೆ. ಮನೆ ಸಾಲದಲ್ಲಿ ಬಡ್ಡಿ ಬೀಳುವುದು ಉಳಿದ ಅಸಲಿನ ಮೇಲೆ ಮಾತ್ರ. ಅಸಲು ಕರಗಿದಂತೆ ಬಡ್ಡಿಯೂ ಕರಗುತ್ತದೆ. ಫ್ಲಾಟ್ ಲೆಕ್ಕದಲ್ಲಿ ಹಾಗಲ್ಲ. ಒಂದು ವರ್ಷ ಕಂತು ಕಟ್ಟಿ ಸುಮಾರು ಅರ್ಧ ಸಾಲ ತೀರಿಸಿದ ಮೇಲೂ ಬಡ್ಡಿ ಮಾತ್ರ ಪೂರ್ತಿ 80,000ದ ಮೇಲೆಯೇ. ಇದೇ 4,000ದ ಕಂತನ್ನು ಮನೆ ಸಾಲದ ಅಳತೆಗೆ ತಂದರೆ ಬಡ್ಡಿ ಶೇ. 18 ದಾಟುತ್ತದೆ. ಸಾಲದು ಎಂಬಂತೆ ಪ್ರೊಸೆಸಿಂಗ್ ಶುಲ್ಕ 2,000, ವಿಮೆ 1,500 ಮೊದಲೇ ಮುರಿದುಕೊಂಡಿದ್ದರು. ಕೈಗೆ ಬಂದದ್ದು 76,500. ಕಂತು ಅದೇ 4,000. ಈಗ ಬಡ್ಡಿ ಶೇ. 23ರ ಹತ್ತಿರ. ಶೇ. 10 ಎಂದು ಕೊಂಡ ಸರಕಿನ ನಿಜವಾದ ಬೆಲೆ ಶೇ. 23. ಶೋರೂಮಿನವರು ಒಂದೇ ಒಂದು ಸುಳ್ಳು ಹೇಳಿರಲಿಲ್ಲ, ಅದನ್ನೂ ಹೇಳಬೇಕು.

ಇದಕ್ಕೆ ಮದ್ದಾಗಿಯೇ ರಿಸರ್ವ್ ಬ್ಯಾಂಕು 2024ರ ಏಪ್ರಿಲ್‌ನಲ್ಲಿ ಒಂದು ಸುತ್ತೋಲೆ ಹೊರಡಿಸಿತು. ಆ ವರ್ಷದ ಅಕ್ಟೋಬರ್ 1ರಿಂದ ಮಂಜೂರಾಗುವ ಎಲ್ಲ ಚಿಲ್ಲರೆ ಸಾಲಗಳಿಗೆ ಮತ್ತು ಸಣ್ಣ ಉದ್ದಿಮೆಗಳ ಸಾಲಗಳಿಗೆ 'ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್' ಎಂಬ ಹಾಳೆ ಕಡ್ಡಾಯ. ಶುಲ್ಕ, ಸಾಲ ಕೊಟ್ಟವರೇ ವಸೂಲು ಮಾಡುವ ವಿಮೆ, ಎಲ್ಲವನ್ನೂ ಬಡ್ಡಿಯೊಳಗೆ ಸೇರಿಸಿ ವಾರ್ಷಿಕ ದರ ಇಷ್ಟು ಎಂದು ಅದರಲ್ಲಿ ತೋರಿಸಬೇಕು. ಅದಕ್ಕೆ ಎಪಿಆರ್ ಎನ್ನುತ್ತಾರೆ. ಹಾಳೆ ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿರಬೇಕು, ಅದರಲ್ಲಿ ಇಲ್ಲದ ಶುಲ್ಕವನ್ನು ಅವನ ಸ್ಪಷ್ಟ ಒಪ್ಪಿಗೆಯಿಲ್ಲದೆ ವಸೂಲು ಮಾಡುವಂತಿಲ್ಲ. ನನಗೆ ಇಷ್ಟವಾದದ್ದು ಇನ್ನೊಂದು ಅಂಶ: ಏಳು ದಿನ ಅಥವಾ ಹೆಚ್ಚಿನ ಅವಧಿಯ ಸಾಲವಾದರೆ ಆ ಷರತ್ತುಗಳನ್ನು ಒಪ್ಪಲು ಕನಿಷ್ಠ ಮೂರು ಕೆಲಸದ ದಿನಗಳ ಕಾಲಾವಕಾಶ ಕೊಡಬೇಕು. "ಆಫರ್ ಇವತ್ತು ಸಂಜೆವರೆಗೆ ಮಾತ್ರ" ಎಂದು ಅವಸರ ಮಾಡುವವರಿಗೆ ಇದು ತಕ್ಕ ಉತ್ತರ. ಮೂರು ದಿನದಲ್ಲಿ ಇನ್ನೆರಡು ಕಡೆ ವಿಚಾರಿಸಬಹುದು. ಅವಕಾಶ ಕೈಯಲ್ಲಿದ್ದೂ ವಿಚಾರಿಸದಿದ್ದರೆ ಆಗ ಹೊಣೆ ಖಂಡಿತ ಸಾಲಗಾರನದೇ. ಅಲ್ಲಿ ನಾನು ಅವನ ಪರ ವಾದಿಸುವುದಿಲ್ಲ.

ಓದಿದವರಿಗೆ ಮಾತ್ರ ವಿವೇಚನೆ, ಉಳಿದವರು ಕುರುಡಾಗಿ ಸಾಲದಲ್ಲಿ ಬೀಳುತ್ತಾರೆ ಎಂಬ ನಂಬಿಕೆ ನಮ್ಮ ಬ್ಯಾಂಕಿನವರಲ್ಲಿ ಬೇರು ಬಿಟ್ಟಿದೆ. ನಮ್ಮ ಬೀದಿಗೆ ಸೊಪ್ಪಿನ ತಳ್ಳುಗಾಡಿ ತರುವ ಹೆಂಗಸು ಬೆಳಗಿನ ಜಾವ ಒಬ್ಬರಿಂದ ಹಣ ಎತ್ತುತ್ತಾಳೆ. ಕೈಗೆ 950, ಸಂಜೆ ಮರಳಿಸುವುದು 1,000. ದಿನಕ್ಕೆ ಶೇ. 5ಕ್ಕೂ ಮೇಲೆ ಬಡ್ಡಿ. ಪುಸ್ತಕದ ಲೆಕ್ಕದಲ್ಲಿ ಹುಚ್ಚುತನ. ಅವಳ ಲೆಕ್ಕ ಕೇಳಿ: "ನಾಲ್ಕು ಗಂಟೆಗೆ ಮಂಡಿ, ಆ ಹೊತ್ತಿಗೆ ಯಾವ ಬ್ಯಾಂಕು ಬಾಗಿಲು ತೆಗೆದಿರ್ತದೆ? ಐವತ್ತು ಹೋದ್ರೂ ಮುನ್ನೂರು ಉಳೀತದೆ. ಸಾಲ ಎತ್ತದಿದ್ರೆ ಅದೂ ಇಲ್ಲ." ಕೊಡುವುದು ಎಷ್ಟು, ಗಿಟ್ಟುವುದು ಎಷ್ಟು, ಎರಡೂ ಅವಳ ನಾಲಿಗೆ ತುದಿಯಲ್ಲಿವೆ. ಶೇ. 23 ಕೊಡುತ್ತ 10 ಎಂದು ತಿಳಿದಿದ್ದ ಹುಡುಗನಿಗಿಂತ ಇವಳ ವ್ಯವಹಾರವೇ ಹೆಚ್ಚು ವಿವೇಕದ್ದು ಎಂದು ನನ್ನ ಅಭಿಪ್ರಾಯ.

ಹಾಗೆಂದು ಅವಳಿಗೆ ಅದು ಒಳ್ಳೆಯ ಸಾಲ ಎನ್ನಲಾರೆ. ಆ ಐವತ್ತನ್ನೇ ದಿನಾ ಎತ್ತಿಟ್ಟರೆ ಮೂರು ವಾರದೊಳಗೆ ಅವಳದೇ ಬಂಡವಾಳ ಕೈಗೆ ಬರುತ್ತದೆ ಎಂದು ಹೇಳಿಯೂ ನೋಡಿದೆ. "ಮೂರು ವಾರ ಮನೇಲಿ ಯಾರಿಗೂ ಜ್ವರ ಬರಬಾರ್ದಲ್ಲ?" ಎಂದಳು. ಬಡವರ ಉಳಿತಾಯಕ್ಕೆ ಬುದ್ಧಿವಾದ ಸಾಲದು, ದಿನವೂ ಬಾಗಿಲಿಗೆ ಬಂದು ಇಸಿದುಕೊಂಡು ಹೋಗುವವರು ಬೇಕು. ಕರಾವಳಿಯವರಿಗೆ ಇದು ಎಂದೋ ಹೊಳೆದಿತ್ತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲೇ ದಿನಕ್ಕೆ ಎರಡಾಣೆಯಿಂದ ಪಿಗ್ಮಿ ಶುರುಮಾಡಿ, ಏಜೆಂಟರನ್ನು ಮನೆಮನೆಗೆ ಕಳಿಸಿತು. ಬೀದಿ ವ್ಯಾಪಾರಿಗಳಿಗೆಂದು 2020ರಲ್ಲಿ ಬಂದ ಪಿಎಂ ಸ್ವನಿಧಿಯ ಮೊದಲ ಕಂತಿನ ಸಾಲವೂ (ಆಗ ಅದು 10,000) ಇಂಥವರಿಗಾಗಿಯೇ. ಆದರೆ ಬೆಳಗಿನ ನಾಲ್ಕು ಗಂಟೆಗೆ ಮಂಡಿಯ ಬಾಗಿಲಲ್ಲಿ ನಿಂತು ಸಾಲ ಕೊಡುವವನ ಅನುಕೂಲ ಅದಕ್ಕಿಲ್ಲ.

ಮತ್ತೆ ಬೆಲೆ ಕಾಣದ ಸಾಲಗಳಿಗೆ ಬಂದರೆ, 'ಶೂನ್ಯ ಬಡ್ಡಿ' ಕಂತಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕ್ರೆಡಿಟ್ ಕಾರ್ಡಿನ ಇಂಥ ಯೋಜನೆಗಳಲ್ಲಿ ಬಡ್ಡಿಯು ಪ್ರೊಸೆಸಿಂಗ್ ಶುಲ್ಕದ ವೇಷ ಹಾಕಿರುತ್ತದೆ ಎಂದು ರಿಸರ್ವ್ ಬ್ಯಾಂಕು 2013ರಲ್ಲೇ ಹೇಳಿದೆ. ನಗದು ಕೊಟ್ಟರೆ ಬೆಲೆ ಎಷ್ಟು ಇಳಿಸುತ್ತೀರಿ ಎಂದು ಅಂಗಡಿಯಲ್ಲಿ ಕೇಳಿ ನೋಡಿ, ಶೂನ್ಯದ ತೂಕ ತಿಳಿಯುತ್ತದೆ.

ಕ್ರೆಡಿಟ್ ಕಾರ್ಡಿನ ಬಾಕಿಗೆ ಮೇಲೆ ಹೇಳಿದ ಕೀ ಫ್ಯಾಕ್ಟ್ ಹಾಳೆಯ ನಿಯಮ ಅನ್ವಯಿಸುವುದಿಲ್ಲ ಎಂಬುದನ್ನು ಮಾತ್ರ ಗಮನಿಸಿ. 20,000 ಬಾಕಿ ಇದೆ, ತಿಂಗಳ ಬಡ್ಡಿ ಶೇ. 3.5, ಕನಿಷ್ಠ ಪಾವತಿ ಶೇ. 5, ಅಂದರೆ 1,000 ಎಂದುಕೊಳ್ಳಿ. ಅದನ್ನು ಕಟ್ಟಿ ನೆಮ್ಮದಿಯಾಗಿ ಮಲಗುವವರು ಬಹಳ. ಬಡ್ಡಿ 700, ಅದರ ಮೇಲೆ ಶೇ. 18ರ ಜಿಎಸ್‌ಟಿ 126. ಸಾಲದಲ್ಲಿ ಕಡಿಮೆಯಾದದ್ದು 174 ರೂಪಾಯಿ. ಬಾಕಿ ಉಳಿಸಿಕೊಂಡವರಿಗೆ ಬಡ್ಡಿರಹಿತ ಅವಧಿಯೂ ತಪ್ಪಿಹೋಗುವುದರಿಂದ, ಮರುದಿನ ಅದೇ ಕಾರ್ಡು ಉಜ್ಜಿ ತಂದ ಬೇಳೆ, ಎಣ್ಣೆಗೂ ತಂದ ದಿನದಿಂದಲೇ ಬಡ್ಡಿ ಓಡುತ್ತದೆ. ಕನಿಷ್ಠವನ್ನಷ್ಟೇ ಕಟ್ಟುತ್ತ ಹೋದರೆ ಸಾಲ ವರ್ಷಗಟ್ಟಲೆ ಎಳೆಯುತ್ತದೆ ಎಂಬ ಎಚ್ಚರಿಕೆ ಬಿಲ್ಲಿನಲ್ಲಿಯೇ ಅಚ್ಚಾಗಿರುತ್ತದೆ. ಬಿಲ್ಲು ತಂದವರಿಗೆಲ್ಲ ನಾನು ಮೊದಲು ಆ ಸಾಲನ್ನೇ ಗಟ್ಟಿಯಾಗಿ ಓದಿಸುತ್ತೇನೆ.