ಏಳೂವರೆಗೆ ನಾಟಕ, ಹಾಗಾದ್ರೆ ಊಟ ಎಷ್ಟೊತ್ತಿಗೆ?

ಇವತ್ತು ಒಂದು ಸಣ್ಣ ಲೆಕ್ಕ ಮಾಡೋಣ. ಸಂಜೆ ನಾಟಕಕ್ಕೆ ಟಿಕೆಟ್ ಬುಕ್ ಆಗಿದೆ. ಊರಿಂದ ಅಪ್ಪ-ಅಮ್ಮ ಬಂದಿದ್ದಾರೆ, ಅಥವಾ ಫ್ರೆಂಡ್ಸ್ ಜೊತೆಗಿದ್ದಾರೆ. ದರ್ಶಿನಿಯಲ್ಲಿ ನಿಂತುಕೊಂಡು ತಿನ್ನೋದು ಬೇಡ, ಸ್ಟಾರ್ ಹೋಟೆಲ್‌ಗೆ ಜೇಬು ಒಪ್ಪಲ್ಲ. ಮಧ್ಯದ್ದೊಂದು ಫ್ಯಾಮಿಲಿ ರೆಸ್ಟೋರೆಂಟ್‌ನಲ್ಲಿ ಕೂತು ಊಟ ಮಾಡಿ, ನೆಮ್ಮದಿಯಾಗಿ ನಾಟಕ ನೋಡಬೇಕು. ಕೇಳೋಕೆ ಸುಲಭ. ಆದರೆ ಬೆಂಗಳೂರಿನಲ್ಲಿ ನಾಟಕದ ಗಡಿಯಾರ, ಅಡುಗೆಮನೆ ಗಡಿಯಾರ ಎರಡೂ ಒಂದಕ್ಕೊಂದು ಹೊಂದೋದೇ ಇಲ್ಲ.

ಜೆ.ಪಿ. ನಗರದ ರಂಗಶಂಕರವನ್ನೇ ತಗೊಳ್ಳಿ. ಶಂಕರ್ ನಾಗ್ ನೆನಪಿನಲ್ಲಿ ಅರುಂಧತಿ ನಾಗ್ ಅವರ ಮುಂದಾಳತ್ವದಲ್ಲಿ 2004ರಲ್ಲಿ ಶುರುವಾದ ರಂಗಮಂದಿರ. ಅಲ್ಲಿ ಸಂಜೆ ಆಟ ಸಾಮಾನ್ಯವಾಗಿ 7.30ಕ್ಕೆ. ತಡವಾಗಿ ಬಂದವರಿಗೆ ಪ್ರವೇಶ ಇಲ್ಲ ಅನ್ನೋದು ಅಲ್ಲಿನ ಹೆಸರಾಂತ ನಿಯಮ. ಟಿಕೆಟ್ ಕೈಯಲ್ಲಿದ್ರೂ ಬಾಗಿಲು ತೆಗೆಯಲ್ಲ. ಇದು ಹಟ ಅಲ್ಲ. ಕತ್ತಲೆಯಲ್ಲಿ ಬಾಗಿಲು ತೆರೆದು ಬೆಳಕು ಬಿದ್ದರೆ ಪ್ರೇಕ್ಷಕರ ಜೊತೆ ನಟರ ಗಮನವೂ ತಪ್ಪುತ್ತೆ. ಸಿನಿಮಾ ಥರ ಅದೇ ದೃಶ್ಯ ಮತ್ತೆ ಬರಲ್ಲ.

ಇನ್ನು ರೆಸ್ಟೋರೆಂಟ್ ಕಡೆ ಬನ್ನಿ. ಅನೇಕ ಕಡೆ ಊಟದ ಅಡುಗೆಮನೆ ಮಧ್ಯಾಹ್ನ ಮೂರೂವರೆ ಹೊತ್ತಿಗೆ ನಿಲ್ಲುತ್ತೆ, ಮತ್ತೆ ಶುರುವಾಗೋದು ಸಂಜೆ ಏಳಕ್ಕೆ. ಮಧ್ಯದಲ್ಲಿ ಬಾಣಸಿಗರಿಗೆ ವಿಶ್ರಾಂತಿ, ರಾತ್ರಿಯ ತಯಾರಿ. ಮಣ್ಣಿನ ತಂದೂರ್ ಒಲೆ ಚೆನ್ನಾಗಿ ಕಾಯೋಕೇ ಸುಮಾರು ಒಂದು ಗಂಟೆ ಬೇಕು. ಅಂದರೆ ಅವರ ಮೊದಲ ರೋಟಿ ಏಳುವ ಹೊತ್ತಿಗೆ ನೀವು ರಂಗಮಂದಿರದ ಮೆಟ್ಟಿಲ ಮೇಲೆ ಇರಬೇಕು!

ಹಾಗಾಗಿ ನಾನು ಲೆಕ್ಕವನ್ನ ಹಿಂದಿನಿಂದ ಮಾಡ್ತೀನಿ. 7.30ಕ್ಕೆ ಆಟ, 7.15ಕ್ಕೆ ರಂಗಮಂದಿರದ ಒಳಗೆ. ನಡೆದು ಹೋಗುವಷ್ಟು ಹತ್ತಿರದ ರೆಸ್ಟೋರೆಂಟ್ ಆದರೆ 7ಕ್ಕೆ ಅಲ್ಲಿಂದ ಹೊರಡಬೇಕು. ಊಟಕ್ಕೆ ಒಂದು ಗಂಟೆ ಬಿಟ್ಟರೆ 6ಕ್ಕೆ ಕೂತಿರಬೇಕು. ನಡುವೆ ಆಟೋ, ಸಿಗ್ನಲ್ ಇದ್ದರೆ ಇನ್ನೂ ಅರ್ಧ ಗಂಟೆ ಮುಂಚೆ. ಮೊದಲೇ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: "ಆರು ಗಂಟೆಗೆ ಊಟ ಸಿಗುತ್ತಾ, ಬರೀ ತಿಂಡಿನಾ?" "ಹೋಟೆಲ್ ಓಪನ್ ಇದೆಯಾ" ಅಂತ ಕೇಳಿದ್ರೆ ಸಾಲದು. ಬಾಗಿಲು ತೆರೆದಿರುತ್ತೆ, ಸಿಗೋದು ಕಾಫಿ, ದೋಸೆ ಮಾತ್ರ.

ಆರ್ಡರ್ ಮಾಡೋವಾಗ ಅಡುಗೆಮನೆ ಹೇಗೆ ನಡೆಯುತ್ತೆ ಅಂತ ಗೊತ್ತಿದ್ರೆ ಅನುಕೂಲ. ಈರುಳ್ಳಿ-ಟೊಮ್ಯಾಟೊ ಗ್ರೇವಿ, ಗೋಡಂಬಿ ಗ್ರೇವಿ ಮೊದಲೇ ಮಾಡಿಟ್ಟಿರ್ತಾರೆ. ಪನೀರ್ ಬಟರ್ ಮಸಾಲ, ಕಡಾಯಿ ವೆಜ್ ಎಲ್ಲ ಬಾಣಲೆಯಲ್ಲಿ ಹತ್ತು ನಿಮಿಷದೊಳಗಿನ ಕೆಲಸ. ದೋಸೆಯೂ ಬೇಗ. ಬಿರಿಯಾನಿ ಹಂಡೆಯಲ್ಲಿ ರೆಡಿ ಇದ್ದರೆ ಇನ್ನೂ ಬೇಗ. ನಿಧಾನ ಆಗೋದು ಮಸಾಲೆ ಹಚ್ಚಿ ಸುಡುವ ಟಿಕ್ಕ, ಕಬಾಬ್. ಅದಕ್ಕಿಂತ ಹೆಚ್ಚು ಸಮಯ ತಿನ್ನೋದು ಸ್ಟಾರ್ಟರ್. ಯಾಕಂದ್ರೆ ಗೋಬಿ ಮಂಚೂರಿ ಮುಗಿಯೋವರೆಗೂ ಎಷ್ಟೋ ಕಡೆ ಊಟದ ಆರ್ಡರ್‌ನ ಒಳಗೆ ಕೊಡೋದೇ ಇಲ್ಲ. "ಅಣ್ಣಾ, ಏಳಕ್ಕೆ ಹೊರಡಬೇಕು, ಎಲ್ಲ ಒಟ್ಟಿಗೇ ತಂದುಬಿಡಿ" ಅಂತ ಮೊದಲೇ ಹೇಳಿ. ಆರೂಮುಕ್ಕಾಲಿಗೆ ಗಲಾಟೆ ಮಾಡೋದಕ್ಕಿಂತ ಇದು ಇಬ್ಬರಿಗೂ ಒಳ್ಳೇದು. ಹೊಟ್ಟೆ ಬಿರಿಯ ತಿನ್ನಬೇಡಿ, ಎಸಿ ಸಭಾಂಗಣದ ಕತ್ತಲೆಯಲ್ಲಿ ಬೆಣ್ಣೆ ನಾನ್ ನಿದ್ದೆ ತರಿಸುತ್ತೆ.

ಕೊನೆಯ ಅಡ್ಡಿ ಬಿಲ್ಲು. ನಾನು ಊಟ ಟೇಬಲ್‌ಗೆ ಬಂದ ಕೂಡಲೇ ಬಿಲ್ ಕೇಳಿಬಿಡ್ತೀನಿ. ಆಗ ಓದಿ ನೋಡೋಕೆ ಪುರುಸೊತ್ತು ಇರುತ್ತೆ. ಇಂಥ ರೆಸ್ಟೋರೆಂಟ್‌ನಲ್ಲಿ ಜಿಎಸ್‌ಟಿ ಶೇ. 5, ಬಿಲ್ಲಿನಲ್ಲಿ ಅದು ಎರಡೂವರೆ-ಎರಡೂವರೆ ಅಂತ ಎರಡು ಸಾಲಾಗಿ ಕಾಣುತ್ತೆ. ದುಬಾರಿ ಸ್ಟಾರ್ ಹೋಟೆಲ್‌ಗಳ ಲೆಕ್ಕ ಬೇರೆ. ಆದರೆ ಸರ್ವಿಸ್ ಚಾರ್ಜ್ ತೆರಿಗೆ ಅಲ್ಲ. ಅದನ್ನ ತಾನಾಗಿಯೇ ಬಿಲ್ಲಿಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನ ಎತ್ತಿಹಿಡಿಯಿತು. ಲೆಕ್ಕ ನೋಡಿ: 800 ರೂಪಾಯಿ ಊಟಕ್ಕೆ ಜಿಎಸ್‌ಟಿ ಸೇರಿ 840. ಶೇ. 10 ಸರ್ವಿಸ್ ಚಾರ್ಜ್ ಹಾಕಿ, ಅದರ ಮೇಲೂ ತೆರಿಗೆ ಹಾಕಿದರೆ 924. ಬೇಡ ಅಂದ್ರೆ ತೆಗೆಯಿರಿ ಅಂತ ಹೇಳಿ. ತೆಗೆಯದಿದ್ರೆ 1915 ಗ್ರಾಹಕ ಸಹಾಯವಾಣಿ ಇದೆ. ಟಿಪ್ಸ್ ಕೊಡಬೇಡಿ ಅಂತ ಅಲ್ಲ, ಬಡಿಸಿದವರ ಕೈಗೇ ಕೊಡಿ.

ಆರಕ್ಕೆ ಕೂರೋಕೆ ಆಗಲ್ವಾ? ಆಫೀಸ್ ಬಿಡೋದೇ ಆರಕ್ಕಾ? ಹಾಗಾದ್ರೆ ರೆಸ್ಟೋರೆಂಟ್ ಆಸೆ ಬಿಟ್ಟು ರಂಗಮಂದಿರಕ್ಕೇ ನೇರ ಹೋಗಿ. ರಂಗಶಂಕರದ ಆವರಣದಲ್ಲೇ ಕೆಫೆ ಇದೆ. ಲಘುವಾಗಿ ಏನಾದ್ರೂ ತಿನ್ನಿ, ಊಟ ಆಮೇಲೆ ಇಟ್ಟುಕೊಳ್ಳಿ. ಒಂದೂವರೆ-ಎರಡು ಗಂಟೆಯ ನಾಟಕ ಆದರೆ ಒಂಬತ್ತೂವರೆ ಒಳಗೆ ಹೊರಗಿರ್ತೀರಿ, ಆಗ ತಂದೂರ್ ಕಾದಿರುತ್ತೆ. ಕೊನೆಯ ಆರ್ಡರ್ ಎಷ್ಟೊತ್ತಿಗೆ ಅಂತ ಮಾತ್ರ ಕೇಳಿಟ್ಟುಕೊಳ್ಳಿ. ನೋಡಿದ ನಾಟಕದ ಬಗ್ಗೆ ಜಗಳ ಆಡೋಕೆ ಊಟದ ಟೇಬಲ್‌ಗಿಂತ ಒಳ್ಳೆ ಜಾಗ ಇಲ್ಲ. ಹಸಿವು ಒಂದೆರಡು ಗಂಟೆ ಕಾಯುತ್ತೆ, ಮುಚ್ಚಿದ ಬಾಗಿಲು ಕಾಯಲ್ಲ.