ಗೋಲು ಬಿದ್ದಾಗಲೆಲ್ಲ ಸ್ಟಾಪರ್‌ನನ್ನೇ ಬೈಯಬೇಕೆ?

ಕೆಂಗಲ್ ಕಬಡ್ಡಿಯ ನೆಲ, ಕ್ರಿಕೆಟ್ಟಿನ ನೆಲ. ಆದರೂ ಆಂಜನೇಯನ ಗುಡಿ ಎದುರಿನ ಟೀ ಅಂಗಡಿಗಳಲ್ಲಿ, ಚನ್ನಪಟ್ಟಣದಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ಫುಟ್‌ಬಾಲ್ ಮಾತಾಡುವ ಹುಡುಗರು ಈಗ ಸಾಕಷ್ಟು ಮಂದಿ ಇದ್ದಾರೆ. ಬೆಂಗಳೂರು ಎಫ್‌ಸಿ ಪಂದ್ಯವಿದ್ದರೆ ಕಂಠೀರವಕ್ಕೆ ಹೋಗಿ ರಾತ್ರಿ ಕೊನೆಯ ರೈಲಿಗೋ ಬಸ್ಸಿಗೋ ವಾಪಸಾಗುವವರು ಇವರು. ಭಾರತ ತಂಡದ ಮಾತು ಬಂತೆಂದರೆ ಇವರ ವಾದ ಎರಡು ಟೂರ್ನಿಗಳ ಸುತ್ತಲೇ ಗಿರಕಿ ಹೊಡೆಯುತ್ತದೆ. ಒಂದು, 2023ರ ಜೂನ್–ಜುಲೈನಲ್ಲಿ ಕಂಠೀರವದಲ್ಲೇ ನಡೆದ ಸ್ಯಾಫ್ ಚಾಂಪಿಯನ್‌ಷಿಪ್. ಇನ್ನೊಂದು, ಆರು ತಿಂಗಳ ಬಳಿಕ ಕತಾರ್‌ನಲ್ಲಿ ನಡೆದ ಏಷ್ಯಾ ಕಪ್. ಮೊದಲನೆಯದರಲ್ಲಿ ನಾವು ಚಾಂಪಿಯನ್. ಎರಡನೆಯದರಲ್ಲಿ ಮೂರು ಪಂದ್ಯ ಸೋತು, ಆರು ಗೋಲು ಬಿಟ್ಟುಕೊಟ್ಟು, ಒಂದೂ ಗೋಲು ಹೊಡೆಯದೆ ಮನೆಗೆ ಬಂದೆವು. ಆ ಪಂದ್ಯಗಳು ನಡೆದದ್ದು ಸಂಕ್ರಾಂತಿಯ ಆಸುಪಾಸಿನಲ್ಲಿ, ಕೆಂಗಲ್‌ನ ಅಯ್ಯನಗುಡಿ ದನಗಳ ಜಾತ್ರೆಯ ಕಾಲದಲ್ಲಿ.

ಅಲ್ಲಿಂದೀಚೆಗೆ ನಮ್ಮ ರಕ್ಷಣಾ ವಿಭಾಗದ ಬಗ್ಗೆ ಕೆಲವು ಮಾತು ಗಾದೆಯ ಹಾಗೆ ನಿಂತುಬಿಟ್ಟಿವೆ. ಅವುಗಳಲ್ಲಿ ಹೆಚ್ಚಿನವು ನಿಜವಲ್ಲ. ಆಟ ಚೆನ್ನಾಗಿ ಬಲ್ಲವರೂ ಅವನ್ನೇ ಹೇಳುತ್ತಿರುವುದರಿಂದ ಇದನ್ನು ಬರೆಯಬೇಕೆನಿಸಿತು.

“ಗೋಲೇ ಬಿಟ್ಟುಕೊಡದ ಡಿಫೆನ್ಸ್ ಆರು ತಿಂಗಳಲ್ಲಿ ಹಾಳಾಗಿ ಹೋಯ್ತು”

ಎಲ್ಲಕ್ಕಿಂತ ಹೆಚ್ಚು ಕೇಳಿಬರುವುದು ಈ ಮಾತು. ಲೆಕ್ಕದ ಅರ್ಧ ಭಾಗ ಸರಿಯಾಗಿಯೇ ಇದೆ. 2023ರ ಮಾರ್ಚ್‌ನಲ್ಲಿ ಇಂಫಾಲದಲ್ಲಿ ಮ್ಯಾನ್ಮಾರ್ ಮತ್ತು ಕಿರ್ಗಿಜ್ ಗಣರಾಜ್ಯ, ಜೂನ್‌ನಲ್ಲಿ ಭುವನೇಶ್ವರದಲ್ಲಿ ಮಂಗೋಲಿಯಾ, ವನುವಾಟು, ಎರಡು ಸಲ ಲೆಬನಾನ್, ಆಮೇಲೆ ಬೆಂಗಳೂರಿನಲ್ಲಿ ಪಾಕಿಸ್ತಾನ ಮತ್ತು ನೇಪಾಳ. ಹೀಗೆ ಸಾಲಾಗಿ ಎಂಟು ಪಂದ್ಯಗಳಲ್ಲಿ ಭಾರತದ ಬಲೆಗೆ ಒಂದು ಚೆಂಡೂ ಬೀಳಲಿಲ್ಲ. ಯಾವ ತಂಡಕ್ಕಾದರೂ ಇದು ಹೆಮ್ಮೆಯ ಸಂಗತಿ.

ಆದರೆ ಎಂಟೂ ಪಂದ್ಯ ನಡೆದದ್ದು ನಮ್ಮ ನೆಲದಲ್ಲಿ. ಕಿರ್ಗಿಜ್ ಮತ್ತು ಲೆಬನಾನ್ ಬಿಟ್ಟರೆ ಮಿಕ್ಕವರೆಲ್ಲ ರ‍್ಯಾಂಕಿಂಗ್‌ನಲ್ಲಿ ನಮಗಿಂತ ಬಹಳ ಕೆಳಗಿದ್ದವರು. ಕತಾರ್‌ನಲ್ಲಿ ಎದುರಾದವರೇ ಬೇರೆ. ಆಗ ಭಾರತದ ರ‍್ಯಾಂಕಿಂಗ್ 102. ಆಸ್ಟ್ರೇಲಿಯಾ 25, ಉಜ್ಬೇಕಿಸ್ತಾನ 68, ಸಿರಿಯಾ 91. ಮೂವರೂ ನಮಗಿಂತ ಮೇಲಿದ್ದವರು. ‘ಕ್ಲೀನ್ ಶೀಟ್’ ನಮ್ಮ ಗೋಡೆಯ ಗಟ್ಟಿತನವನ್ನಷ್ಟೇ ಹೇಳುವುದಿಲ್ಲ, ಎದುರಿನವನು ಎಷ್ಟು ಜೋರಾಗಿ ಗುದ್ದಿದ ಎಂಬುದನ್ನೂ ಹೇಳುತ್ತದೆ.

ಇನ್ನೊಂದು ಕಾರಣವನ್ನು ಯಾರೂ ಎತ್ತುವುದಿಲ್ಲ. ನನ್ನ ಪ್ರಕಾರ ಅದೇ ದೊಡ್ಡದು. 2023ರ ಮೇ ಮಧ್ಯದಲ್ಲಿ ಭುವನೇಶ್ವರದಲ್ಲಿ ಸೇರಿದ ತಂಡ ಜುಲೈ 4ರ ಸ್ಯಾಫ್ ಫೈನಲ್‌ವರೆಗೆ ಒಟ್ಟಿಗೇ ಇತ್ತು. ಅಂದರೆ ಹೆಚ್ಚುಕಡಿಮೆ ಐವತ್ತು ದಿನ. ಏಷ್ಯಾ ಕಪ್‌ಗೆ ಹೋಗುವಾಗ ಡಿಸೆಂಬರ್ ಕೊನೆಯವರೆಗೂ ದೇಶದ ಕ್ಲಬ್ ಲೀಗ್ ಆದ ಐಎಸ್‌ಎಲ್ ಪಂದ್ಯಗಳು ನಡೆಯುತ್ತಲೇ ಇದ್ದವು. ತಂಡ ಒಂದಾಗಿ ಅಭ್ಯಾಸ ಮಾಡಿದ್ದು ಸುಮಾರು ಎರಡು ವಾರ ಮಾತ್ರ. ಗೋಲು ಹೊಡೆಯುವುದಕ್ಕೆ ಒಬ್ಬನ ಚಳಕ ಸಾಕಾಗಬಹುದು, ರಕ್ಷಣೆಗೆ ಸಾಲದು. ಪಕ್ಕದವನು ಯಾವಾಗ ಮುಂದೆ ನುಗ್ಗುತ್ತಾನೆ, ಯಾವಾಗ ಹಿಂದೆ ಸರಿಯುತ್ತಾನೆ, ಆಫ್‌ಸೈಡ್ ಗೆರೆಗೆ ಯಾರು ಕೂಗು ಹಾಕುತ್ತಾರೆ ಎಂಬುದೆಲ್ಲ ದಿನವೂ ಜೊತೆಗೆ ಆಡಿ ರೂಢಿಯಾಗಬೇಕು. ಸಾಲದ್ದಕ್ಕೆ, ಹಿಂದಿನ ಸಾಲಿನ ಮಧ್ಯದಲ್ಲಿ ತಡೆಯುವ ಸ್ಟಾಪರ್ ಜಿಂಗಾನ್ ಅವರ ಜೊತೆಗಾರ ಅನ್ವರ್ ಅಲಿ ಗಾಯಗೊಂಡು ಹೊರಗಿದ್ದರು. ಮಧ್ಯದಲ್ಲಿ ರಕ್ಷಣೆಗೆ ಮೊದಲ ತಡೆಯಾಗಿದ್ದ ಜೀಕ್ಸನ್ ಸಿಂಗ್ ಕೂಡ ಇರಲಿಲ್ಲ. ಜರ್ಸಿ ಒಂದೇ ಇತ್ತು, ಆಡಿದ ಜೋಡಿ ಬೇರೆಯಾಗಿತ್ತು.

“ನಮ್ಮ ಗೋಲಿಗೆ ನಾವೇ ಹೊಡ್ಕೊಂಡ್ವಿ ಕಣಣ್ಣ, ಅವ್ನಿಂದ್ಲೇ ಹೋಯ್ತು”

2023ರ ಜೂನ್ 27, ಕಂಠೀರವ, ಕುವೈತ್ ಎದುರಿನ ಲೀಗ್ ಪಂದ್ಯ. ಮೊದಲಾರ್ಧದ ಕೊನೆಯಲ್ಲಿ ನಾಯಕ ಚೆಟ್ರಿ ಹೊಡೆದ ಗೋಲಿನಿಂದ ಭಾರತ ಮುಂದಿತ್ತು. ಹೆಚ್ಚುವರಿ ಸಮಯದ ಎರಡನೇ ನಿಮಿಷದಲ್ಲಿ ಕುವೈತ್‌ನವರು ಗೋಲಿನ ಮುಂದಕ್ಕೆ ಚೆಂಡು ತೂರಿದರು. ಅದನ್ನು ಆಚೆ ತಳ್ಳಲು ಅನ್ವರ್ ಅಲಿ ಹಾಕಿದ ಕಾಲಿಗೆ ತಾಗಿ ಚೆಂಡು ನಮ್ಮದೇ ಬಲೆಗೆ ಹೋಯಿತು. 1–1. ಎಂಟು ಪಂದ್ಯಗಳ ಸರಪಳಿ ಅಲ್ಲಿಗೆ ಮುಗಿಯಿತು. ಆ ಗೋಲಿನ ಸಿಟ್ಟು ಇವತ್ತಿಗೂ ಕೆಲವರಿಗೆ ಆರಿಲ್ಲ.

ಆ ಕ್ಷಣವನ್ನು ನಿಧಾನವಾಗಿ ನೋಡಿ. ಸ್ವಂತ ಗೋಲು ಬಹುಪಾಲು ಬೀಳುವುದು ಸರಿಯಾದ ಜಾಗದಲ್ಲಿ ನಿಂತ ಆಟಗಾರನಿಂದಲೇ. ಎದುರಾಳಿ ಮುಂಚೂಣಿ ಆಟಗಾರನಿಗೂ ಗೋಲಿಗೂ ನಡುವೆ ಓಡಿ ಬಂದಿರುತ್ತಾನೆ, ಮುಖ ತನ್ನದೇ ಗೋಲಿನ ಕಡೆಗಿರುತ್ತದೆ. ಕಾಲು ಹಾಕದೆ ಬಿಟ್ಟರೆ ಹಿಂದಿರುವವನು ತಳ್ಳುತ್ತಾನೆ, ಹಾಕಿದರೆ ಚೆಂಡು ಎತ್ತಲಾದರೂ ಚಿಮ್ಮಬಹುದು. ಸೋಮಾರಿಯಾದವನು ಸ್ವಂತ ಗೋಲು ಹೊಡೆಯುವುದೇ ಇಲ್ಲ, ಅವನು ಅಲ್ಲಿಗೆ ಬಂದಿರುವುದೇ ಇಲ್ಲವಲ್ಲ. ಆ ಗೋಲಿನಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. 90 ನಿಮಿಷ ದಾಟಿದ ಮೇಲೆ, ಒಂದು ಗೋಲು ಮುಂದಿದ್ದಾಗ, ಆ ಚೆಂಡನ್ನು ಬದಿಯಿಂದ ಅಷ್ಟು ಸಲೀಸಾಗಿ ತೂರಲು ಬಿಟ್ಟವರು ಯಾರು?

ಅನ್ವರ್ ಅಲಿ ಯಾರೆಂಬುದನ್ನೂ ನೆನಪಿಟ್ಟುಕೊಳ್ಳಬೇಕು. 2019ರಲ್ಲಿ ಹೃದಯದ ತೊಂದರೆ ಪತ್ತೆಯಾಗಿ, ಇನ್ನು ಫುಟ್‌ಬಾಲ್ ಬೇಡವೆಂದು ಹೇಳಿಸಿಕೊಂಡು, ಹೋರಾಡಿ ಮೈದಾನಕ್ಕೆ ಮರಳಿದ ಹುಡುಗ. ಸ್ವಂತ ಗೋಲಿಗೆ ಬೈಗುಳ ಎಲ್ಲಿಯವರೆಗೆ ಹೋಗಬಹುದೆಂಬುದಕ್ಕೆ ಕೊಲಂಬಿಯಾದ ಆಂದ್ರೆಸ್ ಎಸ್ಕೊಬಾರ್ ಇದ್ದಾರೆ. 1994ರ ವಿಶ್ವಕಪ್‌ನಲ್ಲಿ ಅಮೆರಿಕ ಎದುರು ಅವರ ಕಾಲಿಗೆ ತಾಗಿ ಸ್ವಂತ ಗೋಲು ಬಿತ್ತು. ಹತ್ತು ದಿನಗಳ ಬಳಿಕ ಮೆಡೆಯಿನ್ ನಗರದಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ಟೀ ಅಂಗಡಿಯ ಬೈಗುಳಕ್ಕೂ ಅದಕ್ಕೂ ಬಹಳ ದೂರವಿದೆ, ನಿಜ. ಆದರೂ ಒಬ್ಬನ ಹೆಸರು ಹಿಡಿದು ಜರಿಯುವ ಮೊದಲು ಇದು ನೆನಪಿಗೆ ಬಂದರೆ ಒಳ್ಳೆಯದು.

2022ರ ವಿಶ್ವಕಪ್‌ನಲ್ಲಿ ಮೊರಾಕ್ಕೊ ಸೆಮಿಫೈನಲ್ ತಲುಪುವವರೆಗೆ ಬಿಟ್ಟುಕೊಟ್ಟದ್ದು ಒಂದೇ ಒಂದು ಗೋಲು. ಅಷ್ಟು ಗಟ್ಟಿ ರಕ್ಷಣೆಗೂ ಸ್ವಂತ ಗೋಲು ತಪ್ಪಲಿಲ್ಲ: ಕೆನಡಾ ವಿರುದ್ಧ ಬಿದ್ದ ಅದೂ ಸ್ವಂತ ಗೋಲೇ.

“ಗೋಲು ಬಿತ್ತು ಅಂದ್ರೆ ಸ್ಟಾಪರ್ ತಪ್ಪು, ಇಲ್ಲಾ ಗೋಲಿ ತಪ್ಪು”

ಕಬಡ್ಡಿ ನೋಡುವ ಊರಿನವರು ಹೀಗೆ ಹೇಳುವುದೇ ನನಗೆ ಆಶ್ಚರ್ಯ. ದಾಳಿಗೆ ಬಂದವನನ್ನು ಕಾರ್ನರ್‌ನವನು ಹಿಡಿದರೆ ಸಾಲದು, ಪಕ್ಕದವನು ಅದೇ ಗಳಿಗೆಗೆ ಮೇಲೆ ಬೀಳಬೇಕು. ಕೈಕೈ ಹಿಡಿದ ಚೈನ್ ಒಂದು ಕಡೆ ತಡವಾದರೆ ದಾಳಿಗಾರ ಗೆರೆ ಮುಟ್ಟುತ್ತಾನೆ. ಆಗ ಕೆಂಗಲ್‌ನ ಯಾವ ಪ್ರೇಕ್ಷಕನೂ ಕಾರ್ನರ್‌ನವನೊಬ್ಬನನ್ನೇ ದೂರುವುದಿಲ್ಲ, ಕವರ್ ಎಲ್ಲಿದ್ದ ಎಂದು ಕೇಳುತ್ತಾನೆ. ಫುಟ್‌ಬಾಲ್‌ಗೆ ಬಂದಾಗ ಮಾತ್ರ ಈ ಪ್ರಶ್ನೆ ಮರೆತುಹೋಗುತ್ತದೆ.

2024ರ ಜನವರಿ 13ರ ಆಸ್ಟ್ರೇಲಿಯಾ ಪಂದ್ಯವನ್ನೇ ತೆಗೆದುಕೊಳ್ಳಿ. ಪುರುಷರ ಏಷ್ಯಾ ಕಪ್‌ನಲ್ಲಿ ಮೊದಲ ಬಾರಿಗೆ ಮಹಿಳೆಯೊಬ್ಬರು, ಜಪಾನಿನ ಯೋಶಿಮಿ ಯಮಶಿತಾ, ರೆಫ್ರಿಯಾಗಿದ್ದ ಪಂದ್ಯವೂ ಅದೇ. ವಿರಾಮದವರೆಗೆ 0–0. ಮೊದಲಾರ್ಧದಲ್ಲಿ ನಿಖಿಲ್ ಪೂಜಾರಿ ಕೊಟ್ಟ ಕ್ರಾಸ್‌ಗೆ ಚೆಟ್ರಿ ತಲೆ ಕೊಟ್ಟಾಗ ಚೆಂಡು ಕಂಬದ ಪಕ್ಕದಿಂದ ಹೊರಗೆ ಹೋಯಿತು. ಅದು ಬಿದ್ದಿದ್ದರೆ ಪಂದ್ಯದ ಕಥೆಯೇ ಬೇರೆ ಇರುತ್ತಿತ್ತು. 50ನೇ ನಿಮಿಷದಲ್ಲಿ ಕ್ರಾಸ್ ಹಿಡಿಯಲು ಹೋದ ನಮ್ಮ ಗೋಲಿ ಗುರುಪ್ರೀತ್ ಕೈಗೆ ಚೆಂಡು ಸರಿಯಾಗಿ ಸಿಗದೆ ಜಾಕ್ಸನ್ ಇರ್ವಿನ್ ಮುಂದೆ ಬಿತ್ತು, ಗೋಲು. 73ರಲ್ಲಿ ಆಗಷ್ಟೇ ಮೈದಾನಕ್ಕೆ ಇಳಿದ ಜೋರ್ಡನ್ ಬಾಸ್ ಎರಡನೆಯದನ್ನು ಹೊಡೆದರು.

ಮೊದಲ ಗೋಲಿನಲ್ಲಿ ಗುರುಪ್ರೀತ್ ಪಾಲಿದೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಪಂದ್ಯದ ಬಹುಪಾಲು ಹೊತ್ತು ಚೆಂಡು ಇದ್ದದ್ದು ಆಸ್ಟ್ರೇಲಿಯಾದವರ ಕಾಲಲ್ಲಿ. ನಮ್ಮವರು ಚೆಂಡು ಕಸಿದ ಮೇಲೆ ನಾಲ್ಕು ಪಾಸ್ ಜೋಡಿಸುವಷ್ಟರಲ್ಲಿ ಅದು ಮತ್ತೆ ಅವರ ಕೈಸೇರುತ್ತಿತ್ತು. ಮಿಡ್‌ಫೀಲ್ಡ್‌ನಲ್ಲಿ ಚೆಂಡು ನಿಲ್ಲದಿದ್ದರೆ ಜಿಂಗಾನ್ ಮತ್ತು ರಾಹುಲ್ ಭೆಕೆ ಉಸಿರು ತೆಗೆದುಕೊಳ್ಳುವುದು ಯಾವಾಗ? ಬದಿಯಿಂದ ಹತ್ತು ಕ್ರಾಸ್ ತಡೆದವರು ಹನ್ನೊಂದನೆಯದಕ್ಕೆ ಅರ್ಧ ಹೆಜ್ಜೆ ತಡವಾಗುತ್ತಾರೆ. ರಕ್ಷಣೆಯ ಮೊದಲ ಕೆಲಸ ಮುಂದಿನ ಸಾಲಿನವರದು, ಎರಡನೆಯದು ಮಧ್ಯದವರದು. ಹಿಂದಿನ ನಾಲ್ವರಿಗೆ ಉಳಿಯುವುದು ಅವರು ಮಾಡದೆ ಬಿಟ್ಟ ಕೆಲಸ.

ಜನವರಿ 18ರಂದು ಉಜ್ಬೇಕಿಸ್ತಾನ ಇದನ್ನೇ ಇನ್ನೂ ಕಠಿಣವಾಗಿ ತೋರಿಸಿತು. 4ನೇ ನಿಮಿಷಕ್ಕೆ ಫೈಜುಲ್ಲಾಯೆವ್, 18ಕ್ಕೆ ಸೆರ್ಗೆಯೆವ್, ವಿರಾಮಕ್ಕೆ ಸ್ವಲ್ಪ ಮುಂಚೆ ನಸ್ರುಲ್ಲಾಯೆವ್. ಮೂರೂ ಮೊದಲಾರ್ಧದಲ್ಲೇ ಬಿದ್ದವು. ಸಿರಿಯಾ ಪಂದ್ಯದಲ್ಲಿ ದ್ವಿತೀಯಾರ್ಧದ ಆರಂಭದಲ್ಲೇ ಜಿಂಗಾನ್ ಗಾಯಗೊಂಡು ಹೊರನಡೆದರು, 76ನೇ ನಿಮಿಷದಲ್ಲಿ ಒಮರ್ ಖ್ರಿಬಿನ್ ಗೋಲು ಹೊಡೆದರು.

“ಇದಕ್ಕಿಂತ ಕೆಟ್ಟ ಡಿಫೆನ್ಸ್ ನಮ್ಮ ಇತಿಹಾಸದಲ್ಲೇ ಇಲ್ಲ”

ಇದೆ. 2011ರಲ್ಲಿ ಇದೇ ಕತಾರ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಆಸ್ಟ್ರೇಲಿಯಾ 4, ಬಹರೇನ್ 5, ದಕ್ಷಿಣ ಕೊರಿಯಾ 4, ಒಟ್ಟು 13 ಗೋಲು ಬಿಟ್ಟುಕೊಟ್ಟಿದ್ದೆವು. 2019ರಲ್ಲಿ ಯುಎಇಯಲ್ಲಿ ಬಿಟ್ಟದ್ದು ನಾಲ್ಕೇ. ಕೊನೆಯದು ಬಹರೇನ್ ವಿರುದ್ಧ 90 ನಿಮಿಷ ಮುಗಿದ ಮೇಲೆ ಬಿದ್ದ ಪೆನಾಲ್ಟಿ. ಅದೊಂದು ಬೀಳದಿದ್ದರೆ ಮುಂದಿನ ಸುತ್ತಿನ ಬಾಗಿಲು ತೆರೆದಿರುತ್ತಿತ್ತು. 2024ರ ಆರು ಗೋಲು ಇವೆರಡರ ನಡುವಿನ ಲೆಕ್ಕ. 2011ರಲ್ಲಿ ಅಷ್ಟು ಏಟು ತಿಂದರೂ ನಾವು ಮೂರು ಗೋಲು ಹೊಡೆದಿದ್ದೆವು, 2019ರಲ್ಲಿ ನಾಲ್ಕು. 2024ರಲ್ಲಿ ಸೊನ್ನೆ. ಹಾಗಿರುವಾಗ ಆ ಟೂರ್ನಿಯ ಹೆಚ್ಚಿನ ದೂರು ಹಿಂದಿನ ಸಾಲಿಗೇ ಏಕೆ ಹೋಗುತ್ತದೋ ತಿಳಿಯದು.

“ಬರೀ ತಡೀತಾ ಕೂರೋದು ಹೇಡಿಗಳ ಆಟ”

2019ರ ಸೆಪ್ಟೆಂಬರ್ 10ರಂದು ದೋಹಾದಲ್ಲಿ ವಿಶ್ವಕಪ್ ಅರ್ಹತಾ ಪಂದ್ಯ. ಎದುರಿಗೆ ಅದೇ ವರ್ಷ ಏಷ್ಯಾ ಚಾಂಪಿಯನ್ ಆಗಿದ್ದ ಕತಾರ್. ಚೆಟ್ರಿ ಅಸ್ವಸ್ಥರಾಗಿ ಆಡಲಿಲ್ಲ, ಗುರುಪ್ರೀತ್ ನಾಯಕ. ಕತಾರ್ ಇಪ್ಪತ್ತಕ್ಕೂ ಹೆಚ್ಚು ಸಲ ಗೋಲಿನತ್ತ ಹೊಡೆಯಿತು, ಒಂದೂ ಒಳಗೆ ಹೋಗಲಿಲ್ಲ. ಜಿಂಗಾನ್ ಮತ್ತು ಆದಿಲ್ ಖಾನ್ ಆ ರಾತ್ರಿ ಚೆಂಡಿಗೆ ತಲೆ, ಎದೆ, ಮೊಣಕಾಲು ಎಲ್ಲವನ್ನೂ ಒಡ್ಡಿದರು. 0–0. ನನ್ನ ಮಟ್ಟಿಗೆ ಈಚಿನ ವರ್ಷಗಳಲ್ಲಿ ಭಾರತದ ಅತಿ ಧೀರ ಆಟ ಅದೇ. ಯಾವ ಗೆಲುವೂ ಅದರ ಸಮಕ್ಕೆ ನಿಲ್ಲುವುದಿಲ್ಲ.

2006ರಲ್ಲಿ ವಿಶ್ವಕಪ್ ಎತ್ತಿದ ಇಟಲಿ ಇಡೀ ಟೂರ್ನಿಯಲ್ಲಿ ಬಿಟ್ಟದ್ದು ಎರಡು ಗೋಲು: ಒಂದು ಸ್ವಂತ ಗೋಲು, ಇನ್ನೊಂದು ಫೈನಲ್‌ನಲ್ಲಿ ಜಿದಾನ್ ಪೆನಾಲ್ಟಿ. ಆ ವರ್ಷದ ಬ್ಯಾಲನ್ ಡಿ’ಓರ್ ಸಿಕ್ಕಿದ್ದು ಅವರ ಡಿಫೆಂಡರ್ ಕನ್ನವಾರೊಗೆ. ಹಾಗೆಂದು ತಡೆಯುವುದೇ ಎಲ್ಲವೂ ಅಲ್ಲ. ಅದೇ ವಿಶ್ವಕಪ್‌ನಲ್ಲಿ ಸ್ವಿಟ್ಜರ್ಲೆಂಡ್ ನಾಲ್ಕು ಪಂದ್ಯದಲ್ಲಿ ಒಂದೂ ಗೋಲು ಬಿಟ್ಟುಕೊಡದೆ ಉಕ್ರೇನ್ ಎದುರು ಶೂಟೌಟ್‌ನಲ್ಲಿ ಸೋತು ಮನೆಗೆ ಹೋಯಿತು.

“ಸ್ಯಾಫ್ ಗೆದ್ದದ್ದು ಪೆನಾಲ್ಟಿ ಅದೃಷ್ಟದಿಂದ” ಎಂಬ ಮಾತೂ ಇದೆ. ಸೆಮಿಫೈನಲ್‌ನಲ್ಲಿ ಲೆಬನಾನ್‌ನ ಮೊದಲ ಒದೆತವನ್ನೇ ತಡೆದವರು, ಜುಲೈ 4ರ ಫೈನಲ್‌ನಲ್ಲಿ ಕುವೈತ್ ನಾಯಕ ಹಾಜಿಯಾ ಒದೆತವನ್ನು ಎಡಕ್ಕೆ ಹಾರಿ ತಡೆದವರು ಗುರುಪ್ರೀತ್. ವರ್ಷಗಟ್ಟಲೆ ಅದೇ ಕಂಠೀರವದ ಗೋಲು ಕಾಯ್ದ ಬೆಂಗಳೂರು ಎಫ್‌ಸಿ ಆಟಗಾರ ಅವರು. ಲೆಬನಾನ್ ವಿರುದ್ಧ 120 ನಿಮಿಷ ಗೋಲು ಬಿಟ್ಟುಕೊಡದ ಕಾರಣಕ್ಕೇ ಆ ಶೂಟೌಟ್ ಸಿಕ್ಕಿತು ಎಂಬುದನ್ನು ಬಿಟ್ಟು ಅದೃಷ್ಟದ ಮಾತಾಡಬಾರದು.

“ಬರಿಗಾಲಲ್ಲಿ ಆಡ್ತಿದ್ದ ಕಾಲದಿಂದ್ಲೂ ನಮ್ಗೆ ಡಿಫೆನ್ಸ್ ಬರಲ್ಲ”

ಹಿರಿಯರ ಬಾಯಲ್ಲಿ ಇದು ಬರುತ್ತದೆ. ಜೊತೆಗೆ, ಬರಿಗಾಲಿಗೆ ಫಿಫಾ ನಿಷೇಧ ಹಾಕಿದ್ದರಿಂದ 1950ರ ವಿಶ್ವಕಪ್ ತಪ್ಪಿತು ಎಂಬ ಕಥೆಯೂ ಸೇರಿಕೊಳ್ಳುತ್ತದೆ. ನಮ್ಮ ಅಂದಿನ ಫುಟ್‌ಬಾಲ್ ಫೆಡರೇಷನ್ ಕೊಟ್ಟ ಕಾರಣಗಳು ಬೇರೆ: ತಂಡದ ಆಯ್ಕೆಯ ಭಿನ್ನಾಭಿಪ್ರಾಯ, ಅಭ್ಯಾಸಕ್ಕೆ ಸಮಯವಿಲ್ಲದ್ದು. ಒಲಿಂಪಿಕ್ಸ್ ಮುಂದೆ ವಿಶ್ವಕಪ್ ಆಗ ಅವರಿಗೆ ದೊಡ್ಡದಾಗಿ ಕಂಡಿರಲೂ ಇಲ್ಲ. ಆ ಪೀಳಿಗೆಯ ಹಿರಿಯ ಡಿಫೆಂಡರ್ ಶೈಲೇನ್ ಮನ್ನಾ ಅವರೇ ಬರಿಗಾಲಿನ ಕಥೆಯನ್ನು ಅಲ್ಲಗಳೆದಿದ್ದರು.

1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿದ ಭಾರತ, ಫ್ರಾನ್ಸ್ ಎದುರು 89ನೇ ನಿಮಿಷದವರೆಗೆ 1–1ರಲ್ಲಿತ್ತು. ಆ ಒಂದು ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಸಿಕ್ಕ ಎರಡು ಪೆನಾಲ್ಟಿ ಕೈತಪ್ಪದಿದ್ದರೆ ಗೆಲ್ಲುತ್ತಿದ್ದೆವು. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ 10–1ರಿಂದ ಸೋಲಿಸಿದ್ದು ನಿಜ. ಆ ಒಂದು ಗೋಲನ್ನೂ ಹೊಡೆದವರು ಬೆಂಗಳೂರಿನ ಅಹಮದ್ ಖಾನ್. ಅದೇ ಯುಗೊಸ್ಲಾವಿಯಾ ಆ ಸಲ ಬೆಳ್ಳಿ ಗೆದ್ದಿತು. ಇವೆರಡರ ನಡುವೆ, 1951ರ ಏಷ್ಯನ್ ಗೇಮ್ಸ್‌ನಲ್ಲಿ ಮನ್ನಾ ನಾಯಕತ್ವದ ತಂಡ ಫೈನಲ್‌ನಲ್ಲಿ ಇರಾನನ್ನು 1–0ಯಿಂದ ಸೋಲಿಸಿ ಚಿನ್ನ ತಂದಿತ್ತು.

ಇಂದಿನ ಕೊರತೆಗೆ ಹಳಬರನ್ನು ದೂರುವ ಬದಲು ಐಎಸ್‌ಎಲ್ ತಂಡಗಳ ಪಟ್ಟಿ ನೋಡಿ. 2021–22ರಿಂದ ಒಂದು ತಂಡ ನಾಲ್ವರು ವಿದೇಶಿಯರನ್ನು ಮೈದಾನಕ್ಕೆ ಇಳಿಸಬಹುದು. ಹೆಚ್ಚಿನ ಕ್ಲಬ್‌ಗಳು ಅದರಲ್ಲಿ ಒಂದು ಜಾಗವನ್ನು ಮಧ್ಯದ ಸ್ಟಾಪರ್‌ಗೇ ಕೊಡುತ್ತವೆ. ಹೀಗಾಗಿ ಆ ಜಾಗದಲ್ಲಿ ವಾರವಾರವೂ ಹೊಣೆ ಹೊತ್ತು ಆಡುವ ಭಾರತೀಯರು ಬೆರಳೆಣಿಕೆಯಷ್ಟು. ಅವರಲ್ಲಿ ಇಬ್ಬರಿಗೆ ಗಾಯವಾದರೆ ಕೋಚ್ ಯಾರೇ ಇರಲಿ, ಕೈಯಲ್ಲಿ ಉಳಿಯುವ ಆಯ್ಕೆ ಹೆಚ್ಚಿರುವುದಿಲ್ಲ.

ಈ ತಪ್ಪು ಕಲ್ಪನೆಗಳಿಗೆಲ್ಲ ಒಂದು ಮುಖ್ಯ ಕಾರಣ ಮೊಬೈಲ್ ಪರದೆ. ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುತ್ತದೆ. ಗೋಲು ಬಿದ್ದಾಗ ಅದರ ಪಕ್ಕ ನಿಂತವನ ಮುಖ ತೋರಿಸುತ್ತದೆ, ಇಪ್ಪತ್ತು ಗಜದಾಚೆ ಓಡದೆ ನಿಂತವನು ಚೌಕಟ್ಟಿನಲ್ಲೇ ಇರುವುದಿಲ್ಲ. ಕಂಠೀರವದಲ್ಲಿ ಓಟದ ಟ್ರ್ಯಾಕ್‌ನಿಂದಾಗಿ ಮೈದಾನ ದೂರ ಎಂದು ಗೊಣಗುವವರಿದ್ದಾರೆ. ಆದರೆ ಮೇಲಿನ ಸ್ಟ್ಯಾಂಡ್‌ನಿಂದ ಹನ್ನೊಂದೂ ಮಂದಿ ಕಾಣುತ್ತಾರೆ. ಮುಂದಿನ ಸಲ ಅಲ್ಲಿಗೆ ಹೋದಾಗ ಹತ್ತು ನಿಮಿಷ ಚೆಂಡನ್ನು ಬಿಟ್ಟು ಇಷ್ಟನ್ನು ನೋಡಿ: ನಮ್ಮವರು ಚೆಂಡು ಕಳೆದುಕೊಂಡ ಕೂಡಲೇ ಮುಂಚೂಣಿಯವನು ತಿರುಗಿ ಓಡಿದನೇ, ಇಬ್ಬರು ಸ್ಟಾಪರ್‌ಗಳ ನಡುವಿನ ಅಂತರ ಎಷ್ಟಿತ್ತು, ಅವರಿಗೂ ಮಿಡ್‌ಫೀಲ್ಡ್‌ಗೂ ನಡುವೆ ಎದುರಾಳಿಯೊಬ್ಬ ಆರಾಮಾಗಿ ನಿಂತು ತಿರುಗಲು ಜಾಗ ಸಿಕ್ಕಿತೇ. ಆ ಜಾಗ ಸಿಗುತ್ತಿದ್ದರೆ ಸ್ಕೋರ್ 0–0 ಇದ್ದರೂ ಗೋಲು ಬೀಳುವುದು ಹತ್ತಿರದಲ್ಲಿದೆ ಎಂದೇ ಲೆಕ್ಕ.