ಕಾವಲು ಕೂಡುವವರಿಗೆ ತಕ್ಕ ಚಳಿ ಉಡುಪು

ಶೇಂಗಾ ಕಿತ್ತು ಮನೆಗೆ ತಂದ ಮಾತ್ರಕ್ಕೆ ಕಾವಲು ಮುಗಿಯಲಿಲ್ಲ. ಕಣೇಕಲ್, ಬೊಮ್ಮನಹಾಳ್ ಕಡೆಯ ಎರೆಹೊಲಗಳಲ್ಲಿ ಕಡಲೆ ನಿಂತಿರುತ್ತದೆ. ಮಡಕಶಿರಾ ಕಡೆ ರಾಗಿ ಕಣದಲ್ಲಿರುತ್ತದೆ. ತೊಗರಿ ಇನ್ನೂ ಬಲಿಯುತ್ತಿರುತ್ತದೆ. ಕಾಡುಹಂದಿಯ ಹಿಂಡು ಒಂದೇ ರಾತ್ರಿ ನುಗ್ಗಿದರೂ ನಾಲ್ಕು ತಿಂಗಳ ದುಡಿಮೆ ಮಣ್ಣುಪಾಲು. ಆದುದರಿಂದ ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಮನೆಗೊಬ್ಬರು ಹೊಲದಲ್ಲಿ ರಾತ್ರಿ ಕಳೆಯಬೇಕಾಗುತ್ತದೆ. ಈ ಕೆಲಸ ಬಹುಮಟ್ಟಿಗೆ ಬೀಳುವುದು ಹಿರಿಯರ ಪಾಲಿಗೆ. ಅವರನ್ನು ಕೈಲಾದ ಹಣದಲ್ಲಿ ಬೆಚ್ಚಗಿಡುವುದು ಹೇಗೆ?

ಮೊದಲು ತಿಳಿಯತಕ್ಕದ್ದು ಒಂದು ಮಾತು. ಯಾವ ಉಡುಪಿಗೂ ತನ್ನದೇ ಆದ ಕಾವಿಲ್ಲ. ಕಾವು ಹುಟ್ಟುವುದು ನಮ್ಮ ಮೈಯಲ್ಲಿ. ಉಡುಪು ಅದನ್ನು ಕಾಯುತ್ತದೆ, ಅಷ್ಟೆ. ಸುಮ್ಮನೆ ಕುಳಿತ ಮನುಷ್ಯನ ಮೈ ಸುಮಾರು 100 ವಾಟ್‌ನ ಹಳೆಯ ಬಲ್ಬು ಕೊಡುವಷ್ಟು ಶಾಖ ಕೊಡುತ್ತದೆ. ಗುದ್ದಲಿ ಹಿಡಿದು ಅಗೆಯುವವನ ಮೈ ಅದರ ಮೂರು ನಾಲ್ಕರಷ್ಟು ಕೊಡುತ್ತದೆ. ಹೊಲ ಅಗೆಯುವವನಿಗೆ ಒಂದು ಅಂಗಿ ಸಾಕಾಗುವ ಚಳಿಯಲ್ಲಿ ಕಾವಲು ಕುಳಿತವನು ನಡುಗುವುದು ಇದೇ ಕಾರಣದಿಂದ. ನಮ್ಮ ಸೀಮೆಯಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಜಾವ ಉಷ್ಣತೆ 15 ಡಿಗ್ರಿಗಿಂತ ಕೆಳಗಿಳಿಯುವ ದಿನಗಳುಂಟು. ನಡೆಯುವವನಿಗೆ ಅದು ತಂಪು, ಕೂಡುವವನಿಗೆ ಚಳಿ, ವಯಸ್ಸಾದವರಿಗೆ ಅಪಾಯ.

ಮೈಕಾವು ಹೋಗುವ ದಾರಿಗಳು ಮುಖ್ಯವಾಗಿ ಮೂರು: ಗಾಳಿ, ತೇವ, ನೆಲ. ಈ ಮೂರನ್ನೂ ತಡೆಯುವುದೇ ಒಳ್ಳೆಯ ಉಡುಪು. ಬೆಲೆ ಹೆಚ್ಚಾದ ಕೋಟಾದರೂ ಇವುಗಳಲ್ಲಿ ಒಂದನ್ನು ಬಿಟ್ಟರೆ ಕೊಟ್ಟ ಹಣ ವ್ಯರ್ಥ.

ಹತ್ತಿ ದುಪ್ಪಟಿ ಒಣಗಿದ್ದಾಗ ಬೆಚ್ಚಗೆ. ಆದರೆ ಇಬ್ಬನಿ ಬಿದ್ದು ನೆನೆದರೆ ಅದೇ ಚಳಿಯಾಗುತ್ತದೆ. ಏಕೆಂದರೆ ನಿಂತ ಗಾಳಿಗಿಂತ ನೀರು ಸುಮಾರು 25 ಪಟ್ಟು ವೇಗವಾಗಿ ಕಾವನ್ನು ಎಳೆದುಕೊಳ್ಳುತ್ತದೆ. ಕುರಿಯ ಉಣ್ಣೆಯ ಗುಣ ಬೇರೆ. ತನ್ನ ತೂಕದ ಮೂರರಲ್ಲಿ ಒಂದು ಪಾಲಿನಷ್ಟು ತೇವವನ್ನು ಎಳೆಯ ಒಳಗೇ ಹೀರಿಕೊಂಡರೂ ಅದು ಮುಟ್ಟಿದರೆ ಒದ್ದೆಯೆನಿಸದು. ಬೀಡಿಯ ಕಿಡಿ ಬಿದ್ದರೆ ಥಟ್ಟನೆ ಹತ್ತಿಕೊಳ್ಳುವುದೂ ಇಲ್ಲ.

ಕುರುಬರ ಮಗ್ಗದ ಕರಿಕಂಬಳಿ ಕುರಿಗಾಹಿಯ ಮೈಮೇಲೆ ಇಷ್ಟು ಕಾಲ ಉಳಿದಿರುವುದು ಈ ಗುಣಗಳಿಂದ. ತೆಲುಗು ನೆರೆಹೊರೆಯವರು ಗೊಂಗಡಿ ಎನ್ನುವುದೂ ಇದನ್ನೇ. ಬಳ್ಳಾರಿ ತಳಿಯ ಕುರಿಯ ಉಣ್ಣೆ ಒರಟು, ಮೈಗೆ ಚುಚ್ಚುತ್ತದೆ, ನಿಜ. ಆದರೆ ಒತ್ತಾಗಿ ನೇಯ್ದು, ಹುಣಿಸೆ ಬೀಜದ ಸರಿ ಹಚ್ಚಿ ಬಿಗಿ ಮಾಡಿದ ಕಂಬಳಿಯಲ್ಲಿ ಗಾಳಿ ಸುಲಭವಾಗಿ ನುಸುಳದು. ಕೊಪ್ಪೆ ಹಾಕಿಕೊಂಡರೆ ತಲೆ, ಕಿವಿ, ಬೆನ್ನು, ಮೊಣಕಾಲು ಎಲ್ಲವೂ ಒಂದರಲ್ಲೇ ಮುಚ್ಚುತ್ತವೆ. ಅಂಗಡಿಯ ಕೋಟು ಸಾಮಾನ್ಯವಾಗಿ ಸೊಂಟಕ್ಕೇ ನಿಲ್ಲುತ್ತದೆ. ಕುಳಿತವನ ತೊಡೆ, ಮೊಣಕಾಲು ಹೊರಗೇ ಉಳಿಯುತ್ತವೆ.

ರಾಯದುರ್ಗ 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಅನಂತಪುರಕ್ಕೆ ಸೇರಿತು. ಮಡಕಶಿರಾ 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಜಿಲ್ಲೆ ಬದಲಾದರೂ ಕೊಳ್ಳುವ ಕೊಡುವ ದಾರಿ ಬದಲಾಗಿಲ್ಲ. ಗಡಿಯಾಚೆಯ ಚಳ್ಳಕೆರೆ ಕಂಬಳಿಗೆ ಹೆಸರಾದ ಊರು. ಅಲ್ಲಿಗೆ ಹೋದಾಗ, ಅಥವಾ ಊರಿಗೆ ಬಂದ ಮಾರಾಟಗಾರನಲ್ಲಿ ಕೊಳ್ಳುವಾಗ, ಈ ಪರೀಕ್ಷೆಗಳನ್ನು ಮಾಡತಕ್ಕದ್ದು.

1. ಕಂಬಳಿಯನ್ನು ಬಿಸಿಲಿಗೆ ಹಿಡಿದು ನೋಡಿ. ಬೆಳಕು ಜರಡಿಯಂತೆ ತೂರಿದರೆ ನೇಯ್ಗೆ ಸಡಿಲು.

2. ಬಾಯಿಗೆ ಒತ್ತಿ ಊದಿ. ಆಚೆ ಹಿಡಿದ ಅಂಗೈಗೆ ಉಸಿರು ಚೆನ್ನಾಗಿ ತಾಗಿದರೆ ಚಳಿಗಾಳಿಯೂ ಹಾಗೆಯೇ ಬರುತ್ತದೆ.

3. ಅಂಚಿನಿಂದ ಒಂದು ಎಳೆ ಕೇಳಿ ಪಡೆದು ಸುಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಕರಗಿ ಗಟ್ಟಿ ಗುಂಡಾದರೆ ಅದು ಪ್ಲಾಸ್ಟಿಕ್ ಜಾತಿಯ ನೂಲು. ಹಳೆಯ ಬಟ್ಟೆಗಳ ನೂಲಿನಿಂದ ಯಂತ್ರದಲ್ಲಿ ನೇಯ್ದ ಪಾಣಿಪತ್ತಿನ ಅಗ್ಗದ ಕಂಬಳಿಗಳೂ ಸಂತೆಗೆ ಬರುತ್ತವೆ. ಮನೆಯೊಳಗೆ ಹೊದೆಯಲು ಅವು ಸರಿ. ಬಯಲಿನ ಕಾವಲಿಗೆ ಕರಿಕಂಬಳಿಯ ಬೆಲೆ ಕೊಟ್ಟು ಅವನ್ನು ತರಬಾರದು.

ಕೋಟೇ ಬೇಕೆನ್ನುವವರು ಅಳತೆಗಿಂತ ಒಂದು ಸುತ್ತು ದೊಡ್ಡದನ್ನು ಆರಿಸಬೇಕು. ಬಿಗಿಯಾದ ಕೋಟಿನೊಳಗೆ ಗಾಳಿ ನಿಲ್ಲಲು ಜಾಗವಿರದು. ಆ ನಿಂತ ಗಾಳಿಯೇ ಬೆಚ್ಚಗಿಡುವುದು. ಒಳಗೊಂದು ಸ್ವೆಟರ್ ಹಿಡಿಯಬೇಕು. ಕೋಟು ತೊಡೆ ಮುಚ್ಚಬೇಕು, ಕುತ್ತಿಗೆಯವರೆಗೆ ಗುಂಡಿ ಇರಬೇಕು. ಒಳಗೆ ತುಂಬಿದ ಜರ್ಕಿನ್ ಆದರೆ ಮುಷ್ಟಿಯಲ್ಲಿ ಅದುಮಿ ಬಿಡಿ. ಮತ್ತೆ ಉಬ್ಬಿದರೆ ಒಳ್ಳೆಯದು. ಅದುಮಿದಂತೆಯೇ ಉಳಿದರೆ ಕೊಳ್ಳಬೇಡಿ. ಅಂಥ ಜರ್ಕಿನ್ ತೊಟ್ಟು ಬೆಂಕಿಯ ಹತ್ತಿರ ಕೂಡಬಾರದು. ಕಿಡಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ.

ಇನ್ನೊಂದು ಅಗ್ಗದ ಉಪಾಯವೂ ಉಂಟು. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಕಸುಬು ಚೆನ್ನಾಗಿ ಬೆಳೆದಿದೆ. ಅಂಚು ಸವೆದ ಹಳೆಯ ಕಂಬಳಿಯನ್ನು ಒಳಪದರವಾಗಿಟ್ಟು, ಮೇಲೆ ದಪ್ಪ ಜೀನ್ಸ್ ಬಟ್ಟೆ ಕೊಟ್ಟು, ಮೊಣಕಾಲುದ್ದದ ಕೋಟು ಹೊಲಿಸಬಹುದು. ಖರ್ಚಾಗುವುದು ಹೊಲಿಗೆಗೂ ಮೇಲಿನ ಬಟ್ಟೆಗೂ ಮಾತ್ರ. ಜೀನ್ಸ್ ಬಟ್ಟೆ ಗಾಳಿಗೆ ಗಟ್ಟಿ. ಆದರೆ ಹತ್ತಿಯಾದುದರಿಂದ ಇಬ್ಬನಿಗೆ ನೆನೆಯುತ್ತದೆ. ಮಾಡಿನ ಕೆಳಗೆ ಕೂಡುವವರಿಗೇ ಅದು ತಕ್ಕುದು.

ಇಷ್ಟೆಲ್ಲ ಹೊದ್ದರೂ ಬರೀ ನೆಲದ ಮೇಲೆ ಕುಳಿತರೆ ಫಲವಿಲ್ಲ. ಮೈಭಾರಕ್ಕೆ ಅದುಮಿದ ಬಟ್ಟೆಯಲ್ಲಿ ಗಾಳಿ ಉಳಿಯದು, ನೆಲ ಕಾವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಗೋಣಿಚೀಲಕ್ಕೆ ಒಣಗಿದ ಶೇಂಗಾ ಸಿಪ್ಪೆ ತುಂಬಿ ಬಾಯಿ ಹೊಲಿದು, ಕೆಳಗೊಂದು ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಕೂಡಿ. ಖರ್ಚಿಲ್ಲದ ಈ ಚೀಲ ಅರ್ಧ ಕೋಟಿಗೆ ಸಮ. ಬಯಲಿಗಿಂತ ಅಟ್ಟಣೆಯ ಮಾಡಿನ ಕೆಳಗೆ ಕೂಡುವುದು ಲೇಸು. ತೆರೆದ ಆಕಾಶಕ್ಕೆ ಹೋಗುವ ಕಾವು ಕಡಮೆಯಾಗುತ್ತದೆ, ಇಬ್ಬನಿಯೂ ತಪ್ಪುತ್ತದೆ.

ಎರಡು ಎಚ್ಚರಿಕೆಗಳನ್ನು ಮರೆಯಬಾರದು. ಹೆಂಡ ಕುಡಿದರೆ ಚಳಿ ಹೋಗುತ್ತದೆಂಬುದು ತಪ್ಪು. ಚರ್ಮದ ರಕ್ತನಾಳಗಳು ಹಿಗ್ಗಿ ಮೈ ಬಿಸಿಯೆನಿಸುತ್ತದೆ, ಆದರೆ ಒಳಗಿನ ಕಾವು ಹೊರಗೆ ಹೋಗುತ್ತಿರುತ್ತದೆ. ಎರಡನೆಯದು, ಮುಚ್ಚಿದ ಗುಡಿಸಲಲ್ಲಿ ಕೆಂಡವಿಟ್ಟು ಮಲಗಬಾರದು. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿಗೆ ವಾಸನೆಯಿಲ್ಲ, ಮಲಗಿದವರು ಏಳದೆ ಹೋಗಬಹುದು.

ಕಂಬಳಿಯನ್ನು ಬಿಸಿನೀರಿನಲ್ಲಿ ಉಜ್ಜಿ ತೊಳೆದರೆ ಅದು ಕುಗ್ಗುತ್ತದೆ, ಸರಿಯ ಬಿಗಿಯೂ ಹೋಗುತ್ತದೆ. ಕೊಡವಿ, ಬಿಸಿಲಿಗೆ ಹಾಕಿ, ಒಣಗಿದ ಬೇವಿನ ಸೊಪ್ಪಿನೊಡನೆ ಮಡಿಸಿಡಿ. ಜೋಪಾನ ಮಾಡಿದ ಕಂಬಳಿ ಅನೇಕ ವರ್ಷ ಬಾಳುತ್ತದೆ. ಅದರ ಬೆಲೆಯನ್ನು ಅಷ್ಟು ವರ್ಷಗಳಿಗೆ ಹಂಚಿ ನೋಡಿದರೆ, ಎರಡೇ ಚಳಿಗಾಲಕ್ಕೆ ಹರಿಯುವ ಅಗ್ಗದ ಕೋಟಿಗಿಂತ ಅದೇ ಅಗ್ಗ. ಈ ಸಲ ಫಸಲಿನ ಹಣ ಕೈಗೆ ಬಂದಾಗ, ಬೀಜ ಗೊಬ್ಬರದ ಲೆಕ್ಕದ ಜೊತೆಗೆ ಕಾವಲು ಕೂಡುವ ಹಿರಿಯರ ಕಂಬಳಿಯನ್ನೂ ಒಂದು ಬಾಬ್ತಾಗಿ ಬರೆದುಕೊಳ್ಳಿ.